ಎಂಜಿನ್ ಕಟ್ಟಿಸಿದ ಮೇಲೆ ಆಯಿಲ್ ಪ್ರೆಶರ್ ಮೊದಲಿಗಿಂತ ಕಡಿಮೆ: ಅಂಬಾಸಿಡರ್ ಮಾರ್ಕ್ 4, ಪೆಟ್ರೋಲ್

ಪ್ರಶ್ನೆ: ಹಾಸನದ ಮಾರ್ಕ್‌ಫೋರ್

ಎಲ್ಲರಿಗೂ ನಮಸ್ಕಾರ. ನಮ್ಮದು 1984ರ ಅಂಬಾಸಿಡರ್, 1489 ಸಿಸಿ ಪೆಟ್ರೋಲ್ ಎಂಜಿನ್. ಅಪ್ಪ ಕೊಂಡಿದ್ದು. ಈಗ ಅದು ನನ್ನ ಪಾಲಿಗೆ ಬಂದಿದೆ. ನನ್ನ ಹೆಂಡತಿಯ ಪ್ರಕಾರ ನಾನೇ ಅದರ ಪಾಲಿಗೆ ಹೋಗಿದ್ದೇನೆ.

ಎರಡು ವರ್ಷದಿಂದ ನೀಲಿ ಹೊಗೆ ಜಾಸ್ತಿಯಾಗಿತ್ತು. ಶಿರಾಡಿ ಘಾಟಿ ಹತ್ತುವಾಗ ಹಿಂದೆ ಬರುವವರು ಬೈಯುವುದು ಕಿವಿಗೆ ಬೀಳುತ್ತಿತ್ತು. ಹಾಗಾಗಿ ಈ ಬೇಸಿಗೆಯಲ್ಲಿ ಎಂಜಿನ್ ಇಳಿಸಿ ಪೂರ್ತಿ ಕೆಲಸ ಮಾಡಿಸಿದೆ. ಬೋರಿಂಗ್ ಮಾಡಿ 30 ಓವರ್‌ಸೈಜ್ (ಇಂಚಿನ ಸಾವಿರದ 30 ಭಾಗ ದೊಡ್ಡ) ಪಿಸ್ಟನ್, ಹೊಸ ರಿಂಗ್, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ 20 ಅಂಡರ್‌ಸೈಜ್ (ಸಾವಿರದ 20 ಭಾಗ ಸಣ್ಣಗಾದ ಕ್ರ್ಯಾಂಕಿಗೆ ಹೊಂದುವ) ಮೇನ್ ಬೇರಿಂಗ್ ಮತ್ತು ಕಾನ್‌ರಾಡ್ ಬೇರಿಂಗ್, ವಾಲ್ವ್ ಕೆಲಸ, ಹೊಸ ಟೈಮಿಂಗ್ ಚೈನ್. ಬಿಡಿಭಾಗಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ದಿನ ಅಲೆದು ತಂದೆ. ಆಯಿಲ್ ಪಂಪ್ ಬದಲಾಯಿಸಲಿಲ್ಲ, "ನೋಡಲು ಚೆನ್ನಾಗಿಯೇ ಇದೆ" ಎಂದರು. ಕ್ಯಾಮ್‌ಶಾಫ್ಟನ್ನೂ ಮುಟ್ಟಲಿಲ್ಲ.

ಹೊಗೆ ನಿಂತಿತು. ಎಳೆತ ಹುಡುಗಾಟದ ದಿನಗಳಂತಾಗಿದೆ. ಆದರೆ ಆಯಿಲ್ ಗೇಜಿನ ಮುಳ್ಳು ನನ್ನ ನಿದ್ದೆ ಕೆಡಿಸಿದೆ. ಬೆಳಿಗ್ಗೆ ತಣ್ಣಗಿರುವಾಗ ಐಡಲ್‌ನಲ್ಲಿ 45 ಪೌಂಡ್ (ಚದರ ಇಂಚಿಗೆ). ಅರ್ಧ ಗಂಟೆ ಓಡಿಸಿ ಸಿಗ್ನಲಿನಲ್ಲಿ ನಿಂತರೆ 8. ಐವತ್ತರ ವೇಗದಲ್ಲಿ 25, ಬಹಳವೆಂದರೆ 28. ಅದಕ್ಕಿಂತ ವೇಗವಾಗಿ ಹೋದರೂ ಮೇಲೇಳುವುದಿಲ್ಲ. ಕೆಲಸ ಮಾಡಿಸುವುದಕ್ಕೆ ಮೊದಲು, ಹೊಗೆ ಕಾರುವ ಆ ಹಳೇ ಎಂಜಿನ್ ಬಿಸಿ ಐಡಲ್‌ನಲ್ಲಿ 12 ತೋರಿಸುತ್ತಿತ್ತು! ಇಷ್ಟು ದುಡ್ಡು ಸುರಿದು ನಾಲ್ಕು ಪೌಂಡ್ ಕಳೆದುಕೊಂಡೆನೇ?

ಲೇತಿನವರು "ಹೊಸ ಎಂಜಿನ್, ಸಾವಿರ ಕಿಲೋಮೀಟರ್ ಓಡಲಿ, ಸೆಟ್ ಆಗುತ್ತದೆ" ಎನ್ನುತ್ತಾರೆ. ಫಿಟ್ ಮಾಡಿದ ಮೆಕ್ಯಾನಿಕ್ ಪ್ರೆಶರ್ ವಾಲ್ವಿನ ಸ್ಪ್ರಿಂಗಿನ ಹಿಂದೆ ಒಂದು ವಾಷರ್ ಹೆಚ್ಚಿಗೆ ಹಾಕಿದರು. ಈಗ ತಣ್ಣಗಿರುವಾಗ ರೇಸ್ ಮಾಡಿದರೆ ಮುಳ್ಳು 75ಕ್ಕೆ ಹಾರುತ್ತದೆ. ಬಿಸಿಯಾದ ಮೇಲೆ ಮತ್ತೆ ಅದೇ 8. ಏನು ಮಾಡಲಿ?

ಉತ್ತರ: ಕೆಂಪುದೀಪ

ಗೇಜ್ ಇರುವುದೇ ತಲೆನೋವು ಸರ್. ನನ್ನ ಮಾರುತಿ 800ಕ್ಕೆ ಗೇಜೇ ಇಲ್ಲ, ದೀಪ ಆರಿದರೆ ಮುಗಿಯಿತು. ದಪ್ಪ ಆಯಿಲ್ ಹಾಕಿ ನೋಡಿ. 20ಡಬ್ಲ್ಯು-40 ಇದ್ದರೆ 20ಡಬ್ಲ್ಯು-50 ಹಾಕಿ.

ಉತ್ತರ: ಗ್ರೀಸ್ ಕೈ

ಹುಬ್ಬಳ್ಳಿಯಲ್ಲಿ ಮೂವತ್ತನಾಲ್ಕು ವರ್ಷ ಶೆಡ್ ನಡೆಸಿ ಈಗ ಬಾಗಿಲು ಹಾಕಿದ್ದೇನೆ. ಅಂಬಾಸಿಡರ್ ಎಂಜಿನ್ ಎಷ್ಟು ಕಟ್ಟಿದ್ದೇನೆಂದು ಲೆಕ್ಕ ಇಟ್ಟಿಲ್ಲ. ಆದ್ದರಿಂದ ಸ್ವಲ್ಪ ಉದ್ದ ಬರೆದರೆ ಸಹಿಸಿಕೊಳ್ಳಿ.

ಮೊದಲು ಕೆಂಪುದೀಪ ಅವರಿಗೆ: ಆ ದೀಪ ಐದಾರು ಪೌಂಡಿಗೆಲ್ಲ ಆರಿಬಿಡುತ್ತದೆ. ಅದು ಹತ್ತಿದಾಗ ಎಂಜಿನ್ ಉಳಿಸುವ ಸಮಯ ಹೆಚ್ಚುಕಡಿಮೆ ಮುಗಿದಿರುತ್ತದೆ. ಮುಳ್ಳು ನೋಡಿ ನಿದ್ದೆಗೆಟ್ಟವನ ಎಂಜಿನ್ ಬದುಕುತ್ತದೆ.

ಇನ್ನು ಯಜಮಾನರೇ, ನಿಮ್ಮ ವಾಷರ್ ವಿಷಯ. ಆ ವಾಲ್ವ್ ಇರುವುದು ಪ್ರೆಶರ್ ಹುಟ್ಟಿಸುವುದಕ್ಕಲ್ಲ, ಹೆಚ್ಚಾದುದನ್ನು ಚೇಂಬರಿಗೆ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ, ವಾಪಸ್ ಬಿಡುವುದಕ್ಕೆ. ಮನೆಯ ಮೇಲಿನ ನೀರಿನ ತೊಟ್ಟಿಗೆ ಓವರ್‌ಫ್ಲೋ ಪೈಪ್ ಇರುತ್ತದಲ್ಲ, ಹಾಗೆ. ತೊಟ್ಟಿಯಲ್ಲಿ ಅರ್ಧ ನೀರಿದ್ದಾಗ ಓವರ್‌ಫ್ಲೋ ಪೈಪನ್ನು ಇನ್ನೂ ಒಂದಡಿ ಮೇಲಕ್ಕೆ ಏರಿಸಿದರೆ ನೀರು ಹೆಚ್ಚಾಗುತ್ತದೆಯೇ? 8 ಪೌಂಡಿನಲ್ಲಿ ಆ ವಾಲ್ವ್ ಮುಚ್ಚಿಕೊಂಡೇ ಕೂತಿರುತ್ತದೆ. ವಾಷರಿನಿಂದ ಆದದ್ದು ಒಂದೇ, ಬೆಳಿಗ್ಗೆ ಆಯಿಲ್ ಜೇನಿನಂತಿರುವಾಗ ಪಂಪಿನ ಮೇಲೆ, ಅದನ್ನು ತಿರುಗಿಸುವ ಹಲ್ಲಿನ ಮೇಲೆ ಬೇಡದ ಭಾರ ಬಿತ್ತು. ಇವತ್ತೇ ತೆಗೆಸಿ. ತೆಗೆಯುವಾಗ ವಾಲ್ವಿನ ತಲೆ ಮತ್ತು ಬ್ಲಾಕಿನಲ್ಲಿ ಅದು ಕೂರುವ ಜಾಗವನ್ನು ಟಾರ್ಚ್ ಹಾಕಿ ನೋಡಿ. ಅಲ್ಲಿ ಒಂದು ಲೋಹದ ಚೂರು ಸಿಕ್ಕಿಕೊಂಡರೂ ಮುಚ್ಚಬೇಕಾದದ್ದು ಮುಚ್ಚುವುದಿಲ್ಲ.

ಪಂಪ್ ಕೂಡ ಪ್ರೆಶರ್ ಹುಟ್ಟಿಸುವುದಿಲ್ಲ. ಅದು ಆಯಿಲನ್ನು ತಳ್ಳುತ್ತದೆ, ಅಷ್ಟೇ. ತಳ್ಳಿದ ಆಯಿಲ್ ಫಿಲ್ಟರ್ ದಾಟಿ, ಬ್ಲಾಕಿನ ಉದ್ದಕ್ಕೂ ಕೊರೆದ ದಾರಿಯಲ್ಲಿ ಹೋಗಿ, ಮೂರು ಮೇನ್ ಬೇರಿಂಗಿಗೆ, ಅಲ್ಲಿಂದ ಕ್ರ್ಯಾಂಕಿನ ಒಳಗಿನ ತೂತುಗಳ ಮೂಲಕ ಕಾನ್‌ರಾಡಿಗೆ, ಇನ್ನೊಂದು ಕಡೆ ಕ್ಯಾಮ್ ಬೇರಿಂಗಿಗೆ, ಮೇಲೆ ರಾಕರಿಗೆ ಹೋಗುತ್ತದೆ. ಎಲ್ಲ ಕಡೆಯೂ ಶಾಫ್ಟಿಗೂ ಬೇರಿಂಗಿಗೂ ನಡುವಿನ ಸಂದಿನಿಂದ ಹೊರಗೆ ಜಾರಿ ಮತ್ತೆ ಚೇಂಬರಿಗೆ ಬೀಳುತ್ತದೆ. ಆ ಸಂದು ಎಷ್ಟು ಬಿಗಿಯೋ ಅಷ್ಟು ಪ್ರೆಶರ್. ತಣ್ಣಗಿದ್ದಾಗ ಆಯಿಲ್ ದಪ್ಪ, ಜಾರಲು ಒಪ್ಪುವುದಿಲ್ಲ, ಮುಳ್ಳು ಮೇಲಿರುತ್ತದೆ. ಬಿಸಿಯಾದಾಗ ನೀರಾಗುತ್ತದೆ, ಸಂದಿನ ಬಂಡವಾಳ ಹೊರಬೀಳುತ್ತದೆ. ನಿಮ್ಮ ಗೇಜ್ ಹೇಳುತ್ತಿರುವುದು ಇದನ್ನೇ.

"ಹೊಸ ಬೇರಿಂಗ್ ಹಾಕಿದ್ದೇವಲ್ಲ" ಎನ್ನುತ್ತೀರಿ. ಬೇರಿಂಗ್ ಹೊಸದು, ಸರಿ. ಅದು ಕೂರುವ ಜರ್ನಲ್, ಅಂದರೆ ಕ್ರ್ಯಾಂಕಿನ ಆ ದುಂಡು ಭಾಗ, ಎಷ್ಟಕ್ಕೆ ಗ್ರೈಂಡ್ ಆಗಿದೆ? ಲೇತಿನವರು ಅಳತೆ ಬರೆದುಕೊಟ್ಟರೇ? ಕೊಟ್ಟಿರುವುದಿಲ್ಲ, ನನಗೆ ಗೊತ್ತು. ನಾನು ಮೊದಲ ಹತ್ತು ವರ್ಷ ಕೇಳಲೇ ಇಲ್ಲ. ಗ್ರೈಂಡ್ ಮಾಡಿದ ಕ್ರ್ಯಾಂಕ್ ಕನ್ನಡಿಯಂತೆ ಹೊಳೆಯುತ್ತಿತ್ತು, ಬೆರಳಾಡಿಸಿ ಖುಷಿಪಟ್ಟು ಫಿಟ್ ಮಾಡುತ್ತಿದ್ದೆ. ಎರಡು ಥೌ (ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ) ಹೆಚ್ಚಿಗೆ ಹೋದರೆ ಬೆರಳಿಗೂ ತಿಳಿಯುವುದಿಲ್ಲ, ಕಣ್ಣಿಗೂ ತಿಳಿಯುವುದಿಲ್ಲ. ಆಮೇಲೆ ಒಂದು ಟ್ಯಾಕ್ಸಿಯ ಎಂಜಿನನ್ನು ಮೂರು ಸಲ ಬಿಚ್ಚಿ, ಮೂರು ಸಲವೂ ಪಂಪನ್ನೇ ಬೈದು, ಕೊನೆಗೆ ಮೈಕ್ರೋಮೀಟರ್ ಕೊಂಡೆ. ಆ ಟ್ಯಾಕ್ಸಿಯವನು ಈಗಲೂ ಸಿಕ್ಕಿದರೆ ನಗುತ್ತಾನೆ, ನಾನು ರಸ್ತೆಯ ಆ ಬದಿಗೆ ಹೋಗುತ್ತೇನೆ.

ಹಾಗಾಗಿ ನಿಮಗೆ ಹೇಳುವುದು ಇಷ್ಟು. ಡ್ಯಾಶ್‌ಬೋರ್ಡಿನ ಗೇಜನ್ನು ನಂಬಬೇಡಿ, ನಲವತ್ತು ವರ್ಷದ ಮುದುಕ ಅದು. ಆಯಿಲ್ ಪೈಪ್ ಬಿಚ್ಚಿ ಅದೇ ಜಾಗಕ್ಕೆ ಒಂದು ಒಳ್ಳೆಯ ಗೇಜ್ ಹಾಕಿ ನೋಡಿ. ಅದೂ 8 ಎಂದರೆ ಚೇಂಬರ್ ಬಿಚ್ಚಿ. ಹೀರುವ ಜಾಲರಿಯಲ್ಲಿ ಸಿಲಿಕೋನ್ ಪೇಸ್ಟಿನ ಚೂರು ಸಿಕ್ಕಿಕೊಂಡಿದೆಯೇ ನೋಡಿ. ಈಗಿನ ಹುಡುಗರು ಗ್ಯಾಸ್ಕೆಟ್ಟಿಗೆ ಅದನ್ನು ಚಪಾತಿಗೆ ತುಪ್ಪ ಸವರಿದಂತೆ ಸವರುತ್ತಾರೆ, ಒಳಗೆ ಹಿಂಡಿ ಬಂದದ್ದು ಕಳಚಿ ಬೀಳುತ್ತದೆ. ಜಾಲರಿ ಪಂಪಿಗೆ ಸೇರುವ ಜಾಗದಲ್ಲಿ ಗಾಳಿ ಎಳೆಯುತ್ತಿದ್ದರೆ ಮುಳ್ಳು ನಡುಗುತ್ತದೆ. ನಿಮ್ಮದು ನಡುಗುವುದಿಲ್ಲ ಎಂದುಕೊಂಡಿದ್ದೇನೆ.

ಆಮೇಲೆ ಪಂಪ್ ಬಿಚ್ಚಿ. ಒಳಗೆ ನಾಲ್ಕು ಹಲ್ಲಿನ ರೋಟರ್, ಅದರ ಸುತ್ತ ಐದು ಗೂಡಿನ ಬಳೆ. ಪಂಪಿನ ಬಾಯಿಗೆ ಉಕ್ಕಿನ ಸ್ಕೇಲ್ ಅಡ್ಡ ಇಟ್ಟು ರೋಟರಿಗೂ ಸ್ಕೇಲಿಗೂ ನಡುವೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿ) ತೂರಿಸಿ. 5 ಥೌ ದಾಟಬಾರದು. ಹಲ್ಲಿಗೂ ಹಲ್ಲಿಗೂ ನಡುವೆ 6, ಬಳೆಗೂ ಗೋಡೆಗೂ ನಡುವೆ 10. "ನೋಡಲು ಚೆನ್ನಾಗಿದೆ" ಎನ್ನುವ ಅಳತೆ ಯಾವ ಪುಸ್ತಕದಲ್ಲೂ ಇಲ್ಲ.

ಅದಾದ ಮೇಲೆ ಮೇನ್ ಬೇರಿಂಗನ್ನು ಕೆಳಗಿನಿಂದ ಹಿಡಿಯುವ ಮೇನ್ ಕ್ಯಾಪುಗಳು. ಅಲ್ಲಿಗೆ ಬಂದಾಗ ಮತ್ತೆ ಬರೆಯಿರಿ.

ಉತ್ತರ: ಕಾವೆಂಟ್ರಿ ಕನ್ನಡಿಗ

ಗ್ರೀಸ್ ಕೈ ಅವರ ಮಾತಿಗೆ ಸ್ವಲ್ಪ ಅಂಕಿ ಸೇರಿಸುತ್ತೇನೆ. ನಾನು ಇಂಗ್ಲೆಂಡಿನಲ್ಲಿದ್ದೇನೆ, ನನ್ನ ಬಳಿ 1958ರ ಎಂಜಿಎ ಸ್ಪೋರ್ಟ್ಸ್ ಕಾರು ಇದೆ. ಬಾನೆಟ್ ಎತ್ತಿದರೆ ಒಳಗಿರುವುದು ನಿಮ್ಮ ಎಂಜಿನ್ನಿನ ಅಣ್ಣ: ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ-ಸೀರೀಸ್, 1489 ಸಿಸಿ, ಮೂರು ಮೇನ್ ಬೇರಿಂಗ್. ಮೊದಲ ಸಲ ಅದರ ಟ್ಯಾಪೆಟ್ ಕವರ್ ನೋಡಿದಾಗ ನನಗೆ ನೆನಪಾದದ್ದು ಅರಸೀಕೆರೆಯ ಟ್ಯಾಕ್ಸಿ ನಿಲ್ದಾಣ.

ಈ ಎಂಜಿನ್ನಿಗೆ ಬಿಸಿ ಐಡಲ್‌ನಲ್ಲಿ 10ರಿಂದ 25 ಪೌಂಡ್ ಇರಬೇಕು. ನಿಮ್ಮ 8 ತೀರಾ ಸಾವಿನ ಅಂಚಲ್ಲ, ಆದರೆ ಹೊಸದಾಗಿ ಕಟ್ಟಿದ ಎಂಜಿನ್ನಿಗೆ ಒಪ್ಪುವಂಥದ್ದೂ ಅಲ್ಲ. ನನ್ನನ್ನು ಹೆಚ್ಚು ಚಿಂತೆಗೆ ಹಚ್ಚುವುದು ಐವತ್ತರ ವೇಗದ 25.

ಮೇನ್ ಜರ್ನಲಿನ ಮೂಲ ಅಳತೆ 2.0005ರಿಂದ 2.001 ಇಂಚು. 20 ಅಂಡರ್‌ಸೈಜ್ ಎಂದರೆ 1.9805ರಿಂದ 1.981ರ ಒಳಗೆ ಇರಬೇಕು. ಸಂದು ಅರ್ಧ ಥೌದಿಂದ 2 ಥೌ. ಒಂದು ಥೌ, ಎರಡು ಥೌ ಎಂದರೆ ಏನು ಮಹಾ ಎನಿಸಬಹುದು. ಆದರೆ ಸೋರಿಕೆ ಸಂದಿನ ಘನಕ್ಕೆ ತಕ್ಕಂತೆ ಏರುತ್ತದೆ. ಸಂದು ಎರಡರಷ್ಟಾದರೆ ಹೊರಗೆ ಜಾರುವ ಆಯಿಲ್ ಎಂಟರಷ್ಟು. ಒಂದೇ ಒಂದು ಬೇರಿಂಗ್ ಸಡಿಲವಾದರೂ ಇಡೀ ಎಂಜಿನ್ನಿನ ಪ್ರೆಶರ್ ಅಲ್ಲಿಂದ ಬಸಿದುಹೋಗುತ್ತದೆ.

ಗಾಡಿಯಲ್ಲಿಯೇ ಅಳೆಯುವುದಾದರೆ ಪ್ಲಾಸ್ಟಿಗೇಜ್ ತರಿಸಿಕೊಳ್ಳಿ. ಮೇಣದಂಥ ತೆಳ್ಳನೆಯ ಎಳೆ. ಜರ್ನಲಿನ ಆಯಿಲ್ ಒರೆಸಿ ಅದರ ಮೇಲೆ ಇಟ್ಟು, ಕ್ಯಾಪ್ ಹಾಕಿ ಸರಿಯಾದ ಟಾರ್ಕಿಗೆ ಬಿಗಿದು, ಕ್ರ್ಯಾಂಕ್ ತಿರುಗಿಸದೆ ಮತ್ತೆ ಬಿಚ್ಚಬೇಕು. ಎಳೆ ಎಷ್ಟು ಅಗಲಕ್ಕೆ ಚಪ್ಪಟೆಯಾಗಿದೆ ಎಂಬುದನ್ನು ಜೊತೆಗೆ ಬರುವ ಪಟ್ಟಿಗೆ ಹೋಲಿಸಿದರೆ ಸಂದು ತಿಳಿಯುತ್ತದೆ. ಒಂದು ಎಚ್ಚರಿಕೆ: ಎಂಜಿನ್ ಗಾಡಿಯಲ್ಲಿರುವಾಗ ಕ್ರ್ಯಾಂಕ್ ತನ್ನ ಭಾರಕ್ಕೆ ಕೆಳಗಿನ ಶೆಲ್ಲಿನ (ಬೇರಿಂಗಿನ ಅರ್ಧ ಬಳೆಯ) ಮೇಲೆ ಕೂತಿರುತ್ತದೆ. ಹಾಗೆಯೇ ಅಳೆದರೆ ಸಂದು ಇಲ್ಲವೆಂದೇ ತೋರಿಸುತ್ತದೆ. ಪಕ್ಕದ ಕೌಂಟರ್‌ವೇಟಿಗೆ ಮರದ ತುಂಡು ಕೊಟ್ಟು ಜಾಕಿನಿಂದ ಹಗುರವಾಗಿ ಮೇಲಕ್ಕೆ ಒತ್ತಿ ಹಿಡಿದು ಅಳೆಯಿರಿ.

ಹಾಸನದ ಮಾರ್ಕ್‌ಫೋರ್ (ಮೂರು ವಾರದ ಬಳಿಕ)

ತಡವಾದುದಕ್ಕೆ ಕ್ಷಮೆ ಇರಲಿ. ನಡುವೆ ಮಳೆ ಹಿಡಿಯಿತು, ನಮ್ಮ ಶೆಡ್ಡಿನ ಹೆಂಚೂ ಎಂಜಿನ್ನಿನಂತೆಯೇ ಸೋರುತ್ತದೆ.

ಗೇಜ್ ಬದಲಾಯಿಸಿ ನೋಡಿದೆ. ಮುದುಕ ಸುಳ್ಳು ಹೇಳಿರಲಿಲ್ಲ: ಹೊಸದರಲ್ಲೂ 8. ವಾಷರ್ ತೆಗೆಸಿದೆ. ವಾಲ್ವಿನ ತಲೆ ಸ್ವಚ್ಛವಾಗಿತ್ತು. ಚೇಂಬರ್ ಇಳಿಸಿದೆವು. ಜಾಲರಿಯಲ್ಲಿ ಕಿತ್ತಳೆ ಬಣ್ಣದ ಸಿಲಿಕೋನ್ ಎಳೆಗಳು, ಶಾವಿಗೆಯಂತೆ. ಗ್ರೀಸ್ ಕೈ ಅವರೇ, ನೀವು ಹುಬ್ಬಳ್ಳಿಯಲ್ಲಿ ಕೂತು ನನ್ನ ಚೇಂಬರಿನ ಒಳಗೆ ಹೇಗೆ ನೋಡಿದಿರಿ?

ಪಂಪಿನ ಅಳತೆಯನ್ನು ನಾನೇ ತೆಗೆದೆ. ಸ್ಕೇಲಿಗೂ ರೋಟರಿಗೂ ನಡುವೆ 8 ಥೌ ಫೀಲರ್ ಸಲೀಸಾಗಿ ಹೋಯಿತು, 9 ಬಿಗಿಯಾಗಿ ಹೋಯಿತು. ಹಲ್ಲುಗಳ ನಡುವಿನ ಸಂದು ಮಿತಿಯೊಳಗೇ ಇದೆ.

ಆಮೇಲೆ ಮೇನ್ ಬೇರಿಂಗ್. ಪ್ಲಾಸ್ಟಿಗೇಜ್ ಬರಲು ಎಂಟು ದಿನ ಬೇಕಾಯಿತು. ಕೌಂಟರ್‌ವೇಟಿಗೆ ಜಾಕ್ ಕೊಟ್ಟು ಅಳೆದೆವು. ನಡುವಿನ ಬೇರಿಂಗಿನಲ್ಲಿ ಎಳೆ ಚಪ್ಪಟೆಯಾಗಿಯೇ ಇಲ್ಲ ಎನ್ನಬೇಕು. ಪಟ್ಟಿಯ ಪ್ರಕಾರ ನಾಲ್ಕು ಥೌಗಿಂತ ಹೆಚ್ಚು. ಮುಂದಿನದು, ಹಿಂದಿನದು ಎರಡೂ 2ರ ಆಸುಪಾಸು. ನಂಬಲಾಗದೆ ಎರಡು ಸಲ ಮಾಡಿದೆ, ಮತ್ತೆ ಅದೇ. ತೆಗೆದ ಶೆಲ್ಲಿನ ಮೇಲೆ ಒಂದು ಗೀರೂ ಇಲ್ಲ, ಇನ್ನೂ ಅಂಗಡಿಯ ಬೂದು ಬಣ್ಣವೇ ಇದೆ. ಹೊಸದು ಎಂದರೆ ಹೊಸದು. ಆದರೂ ಆಯಿಲ್ ಅಲ್ಲಿಂದಲೇ ಹರಿದುಹೋಗುತ್ತಿತ್ತು.

ಲೇತಿನವರಿಗೆ ಹೇಳಿದೆ. ಅವರು ಜಗಳವಾಡಲಿಲ್ಲ, ಒಪ್ಪಲೂ ಇಲ್ಲ. "ತನ್ನಿ ನೋಡೋಣ" ಎಂದರು. ಈ ನಡುವೆ ನಮ್ಮ ಮೆಕ್ಯಾನಿಕ್ ಬೇರೆ ದಾರಿ ಹೇಳುತ್ತಿದ್ದಾರೆ. ಎಂಜಿನ್ ಇಳಿಸುವುದೇ ಬೇಡ, ನಡುವಿನ ಕ್ಯಾಪಿನ ಅಂಚನ್ನು ಎರಡು ಥೌ ಅರದಿಂದ ಉಜ್ಜಿದರೆ ಬಿಗಿಯಾಗುತ್ತದೆ, ಇಲ್ಲವೇ ಶೆಲ್ಲಿನ ಬೆನ್ನಿಗೆ ತೆಳುವಾದ ತಗಡು ಕೊಡಬಹುದು ಎಂದು. ಎಂಜಿನ್ ಮತ್ತೆ ಇಳಿಸುವ ಖರ್ಚು ನೆನೆದರೆ ಮನಸ್ಸು ಅತ್ತ ವಾಲುತ್ತಿದೆ.

ಉತ್ತರ: ಗ್ರೀಸ್ ಕೈ

ವಾಲುವುದು ಬೇಡ!

ಕ್ಯಾಪ್ ಉಜ್ಜಿದರೆ ಬೇರಿಂಗ್ ಕೂರುವ ದುಂಡಗಿದ್ದ ಮನೆ ಮೊಟ್ಟೆಯ ಆಕಾರವಾಗುತ್ತದೆ. ಮೇಲೆ ಕೆಳಗೆ ಕ್ರ್ಯಾಂಕನ್ನು ಕಚ್ಚುತ್ತದೆ, ಅಕ್ಕಪಕ್ಕದಲ್ಲಿ ಸಂದು ಹಾಗೇ ಉಳಿಯುತ್ತದೆ. ಮೇಲಾಗಿ ಆ ಬ್ಲಾಕಿಗೆ ಮುಂದೆ ಯಾವ ಹೊಸ ಶೆಲ್ಲೂ ಸರಿಯಾಗಿ ಕೂರುವುದಿಲ್ಲ. ತಗಡು ಇನ್ನೂ ಕೆಟ್ಟದ್ದು. ಶೆಲ್ಲಿನ ಶಾಖ ಬ್ಲಾಕಿಗೆ ಹೋಗಬೇಕಾದರೆ ಬೆನ್ನು ಪೂರ್ತಿ ಅಂಟಿಕೊಂಡಿರಬೇಕು. ತಗಡು ಕೊಟ್ಟರೆ ಅಲ್ಲೇ ಬಿಸಿ ಕೂತು ಬೇರಿಂಗ್ ಕರಗುತ್ತದೆ. ಗಾಡಿ ಮಾರುವವರು ಮಾಡುವ ಕೆಲಸ ಅದು. ನೀವು ಮಾರುವವರಲ್ಲ.

ಕ್ರ್ಯಾಂಕ್ ಇಳಿಸಿ. ಮೂರೂ ಮೇನ್ ಜರ್ನಲನ್ನು 30 ಅಂಡರ್‌ಸೈಜಿಗೆ ತೆಗೆಸಿ. ಬೇರಿಂಗನ್ನು ಮೊದಲು ಕೊಂಡು ಕೈಯಲ್ಲಿ ಹಿಡಿದೇ ಲೇತಿಗೆ ಹೋಗಿ. ಕ್ಯಾಪಿಗೆ ಶೆಲ್ ಹಾಕಿ ಬಿಗಿದು ಒಳ ಅಳತೆ ತೆಗೆಯಲಿ, ಅದಕ್ಕೆ ತಕ್ಕಂತೆ ಗ್ರೈಂಡ್ ಮಾಡಲಿ. ಒಂದೊಂದು ಜರ್ನಲಿನ ಅಳತೆಯನ್ನೂ ಎರಡು ದಿಕ್ಕಿನಲ್ಲಿ ಕಾಗದದ ಮೇಲೆ ಬರೆಸಿಕೊಳ್ಳಿ. ಬರೆಯುವುದಿದೆ ಎಂದು ಗೊತ್ತಾದರೆ ಕೈ ತಾನಾಗಿಯೇ ನಿಧಾನವಾಗುತ್ತದೆ.

ಗ್ರೈಂಡ್ ಆದ ಮೇಲೆ ಕ್ರ್ಯಾಂಕಿನ ಆಯಿಲ್ ತೂತುಗಳನ್ನು ನೀವೇ ತೊಳೆಯಿರಿ. ಉದ್ದನೆಯ ತೆಳು ಬ್ರಷ್, ಸೀಮೆಎಣ್ಣೆ, ಆಮೇಲೆ ಕಂಪ್ರೆಸರ್ ಗಾಳಿ. ಗ್ರೈಂಡಿಂಗ್ ಕಲ್ಲಿನ ಪುಡಿ ಆ ತೂತಿನಲ್ಲಿ ಕೂತಿದ್ದರೆ ಮೊದಲ ಹತ್ತು ನಿಮಿಷದಲ್ಲಿ ಅದು ಹೊಸ ಬೇರಿಂಗಿನ ಮೇಲೆ ಹರಡುತ್ತದೆ. ಬ್ಲಾಕಿನ ಆಯಿಲ್ ದಾರಿ ತೊಳೆಯಲು ಪ್ಲಗ್ ತೆಗೆದಿದ್ದರೆ ವಾಪಸ್ ಹಾಕಿದ್ದೀರಾ ಎಂದು ಎಣಿಸಿ ನೋಡಿ. ಒಂದು ಪ್ಲಗ್ ಮರೆತು ಎಂಜಿನ್ ಕೂರಿಸಿ ಮುಳ್ಳು ಸೊನ್ನೆಯಿಂದ ಏಳದೆ ನಾನೊಮ್ಮೆ ಅರ್ಧ ರಾತ್ರಿಯವರೆಗೆ ತಲೆ ಕೆಡಿಸಿಕೊಂಡಿದ್ದೆ.

ಎಂಜಿನ್ ಹೇಗೂ ಬಿಚ್ಚುತ್ತೀರಿ, ಕ್ಯಾಮ್ ಬೇರಿಂಗನ್ನೂ ನೋಡಿ. ಬದಲಾಯಿಸುವುದಾದರೆ ಅದರ ತೂತು ಬ್ಲಾಕಿನ ತೂತಿಗೆ ಸರಿಯಾಗಿ ಕೂರಬೇಕು, ಒತ್ತಿದ ಮೇಲೆ ರೀಮರ್ ಹಾಯಿಸಬೇಕು.

ಪಂಪಿಗೆ ಹೊಸದು ಹುಡುಕುವ ಮುನ್ನ ಒಂದು ಕೆಲಸ ಮಾಡಿ. ದಪ್ಪ ಗಾಜಿನ ಮೇಲೆ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಸ್ವಲ್ಪ ಹಚ್ಚಿ, ರೋಟರ್ ಹೊರಗಿಟ್ಟು, ಪಂಪಿನ ಬಾಯನ್ನು ಎಂಟರ ಆಕಾರದಲ್ಲಿ ಉಜ್ಜಿ. ಆಗಾಗ ತೊಳೆದು ಅಳೆಯಿರಿ. 3 ಥೌಗೆ ಬಂದರೆ ನಿಲ್ಲಿಸಿ. ಜೋಡಿಸುವಾಗ ಹೊರಬಳೆಯ ಅಂಚು ಇಳಿಜಾರು ಮಾಡಿದ ಬದಿ ಗೂಡಿನ ತಳಕ್ಕೆ ಹೋಗಬೇಕು, ತಿರುಗುಮುರುಗು ಹಾಕಬೇಡಿ. ಕೊನೆಗೆ ಒಳಗೆಲ್ಲ ಪೆಟ್ರೋಲಿಯಂ ಜೆಲ್ಲಿ ತುಂಬಿ. ಒಣ ಪಂಪ್ ಹೀರುವುದಿಲ್ಲ, ಸುಮ್ಮನೆ ತಿರುಗುತ್ತದೆ.

ಡೆಲ್ಕೋ (ಡಿಸ್ಟ್ರಿಬ್ಯೂಟರ್) ತೆಗೆದು ಡ್ರಿಲ್ ಕೊಟ್ಟು ಪಂಪ್ ತಿರುಗಿಸುವ ವಿಡಿಯೋಗಳನ್ನು ನೋಡಿರುತ್ತೀರಿ. ಈ ಎಂಜಿನ್ನಿನಲ್ಲಿ ಅದು ಆಗುವುದಿಲ್ಲ, ಪಂಪಿಗೆ ಕ್ಯಾಮ್‌ನಿಂದ ಬೇರೆಯೇ ಹಲ್ಲು ಇದೆ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಕಾಯಿಲಿನ ವೈರ್ ತೆಗೆದು, ಹತ್ತು ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಮುಳ್ಳು ಏಳುವವರೆಗೆ ಪ್ಲಗ್ ಹಾಕಬೇಡಿ.

ಉತ್ತರ: ಕಾವೆಂಟ್ರಿ ಕನ್ನಡಿಗ

30 ಅಂಡರ್‌ಸೈಜಿಗೆ ಜರ್ನಲ್ 1.9705ರಿಂದ 1.971. ಲೇತಿಗೆ ಹೋಗುವಾಗ ಈ ಅಂಕಿಯೂ ಕಿಸೆಯಲ್ಲಿರಲಿ.

ಹಾಸನದ ಮಾರ್ಕ್‌ಫೋರ್ (ಇನ್ನೂ ಒಂದೂವರೆ ತಿಂಗಳ ಬಳಿಕ)

ಲೇತಿನಲ್ಲಿ ಮೈಕ್ರೋಮೀಟರ್ ಹಿಡಿದು ನಿಂತೆ. ನಡುವಿನ ಜರ್ನಲ್ 1.978 ಇತ್ತು. ಯಜಮಾನರು ಎರಡು ಸಲ ನೋಡಿ, ಕನ್ನಡಕ ಒರೆಸಿ, ಮೂರನೇ ಸಲ ನೋಡಿದರು. ಮತ್ತೆ ಗ್ರೈಂಡ್ ಮಾಡಿದ್ದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಬೇರಿಂಗಿನ ದುಡ್ಡು ನನ್ನದೇ ಹೋಯಿತು. ಮೂರೂ ಜರ್ನಲಿನ ಅಳತೆಯನ್ನು ತಮ್ಮ ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದು ಸಹಿ ಹಾಕಿಕೊಟ್ಟರು, ನಾನು ಕೇಳುವ ಮೊದಲೇ.

ಕ್ಯಾಮ್ ಬೇರಿಂಗ್ ನಡುವಿನದು ಒಂದು ಕಡೆ ತಾಮ್ರದ ಬಣ್ಣಕ್ಕೆ ತಿರುಗಿತ್ತು, ಮೂರನ್ನೂ ಬದಲಾಯಿಸಿದೆವು. ಪಂಪನ್ನು ಗಾಜಿನ ಮೇಲೆ ಉಜ್ಜಿದ್ದು ನಾನೇ, ಎರಡು ಸಂಜೆ ಹಿಡಿಯಿತು. ಗಾಜು ಹಳೇ ಡ್ರೆಸ್ಸಿಂಗ್ ಟೇಬಲ್ಲಿನದು. ಆ ವಿಷಯ ಮನೆಯಲ್ಲಿ ಇನ್ನೂ ತಣ್ಣಗಾಗಿಲ್ಲ.

ಪ್ಲಗ್ ಬಿಚ್ಚಿ ಸೆಲ್ಫ್ ಹೊಡೆದಾಗ ಮೊದಲ ಮೂರು ಸಲ ಮುಳ್ಳು ಅಲುಗಲಿಲ್ಲ. ಅಂಗೈ ಬೆವರಿತು. ನಾಲ್ಕನೇ ಸಲ ಒಮ್ಮೆ ಕುಪ್ಪಳಿಸಿ 30ಕ್ಕೆ ಬಂದು ನಿಂತಿತು.

ಈಗ 600 ಕಿಲೋಮೀಟರ್ ಓಡಿದೆ, 20ಡಬ್ಲ್ಯು-50 ಆಯಿಲ್, ಹೆಚ್ಚುವರಿ ವಾಷರ್ ಇಲ್ಲ. ನಿನ್ನೆ ಶಿರಾಡಿ ಹತ್ತಿ ದೋಣಿಗಾಲಿನಲ್ಲಿ ಚಹಾಕ್ಕೆ ನಿಲ್ಲಿಸಿದೆ. ಎಂಜಿನ್ ಆರಿಸದೆ ಗೇಜ್ ನೋಡಿದೆ: 17. ಓಡುವಾಗ 48. ಚಹಾ ತಣ್ಣಗಾಗುವವರೆಗೆ ಅದನ್ನೇ ನೋಡುತ್ತ ಕೂತಿದ್ದೆ.

ಉತ್ತರ: ಕೆಂಪುದೀಪ

ಮಾರುತಿ 800ಕ್ಕೆ ಗೇಜ್ ಹಾಕಿಸಲು ಎಷ್ಟು ಖರ್ಚಾಗಬಹುದು ಸರ್?